ನಾಲ್ಕನೆಯ ದನಿ

ಕೇರಳದ ಗಡಿಗೆ ತಾಗಿದ ಮಾಕುಟ್ಟ ನನ್ನೂರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. 2018ರ ಮಳೆಗಾಲದಲ್ಲಿ ಘಾಟಿಯ ರಸ್ತೆ ಕುಸಿದು ಬಸ್ಸು ನಿಂತಾಗ ಹಿಂದೆ ಬಿದ್ದ ನನ್ನ ಓದು ಮತ್ತೆ ಇತರರ ಸಮಕ್ಕೆ ಬರಲೇ ಇಲ್ಲ. ತರಗತಿಯಲ್ಲಿ ಎಲ್ಲರೂ ನಕ್ಕು ಮುಗಿಸಿದ ಮೇಲೆ ನನಗೆ ಮಾತಿನ ಅರ್ಥ ಹೊಳೆಯುತ್ತಿತ್ತು. ಆದುದರಿಂದ ಎರಡು ವರ್ಷ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕುಳಿತೆನು.

ಕಳೆದ ವರ್ಷ ಚರಿತ್ರೆಯ ಅಧ್ಯಾಪಕರು ಯುರೋಪಿನ ಪುನರುಜ್ಜೀವನದ ಪಾಠ ಮಾಡುತ್ತ ಮೊಬೈಲಿನಲ್ಲಿ ಒಂದು ಹಾಡನ್ನು ಕೇಳಿಸಿದರು. ರೋಮಿನಲ್ಲಿ ಬಾಳಿ, 1594ರಲ್ಲಿ ತೀರಿಕೊಂಡ ಪಲೆಸ್ತ್ರೀನ ರಚಿಸಿದ ‘ಸಿಕುತ್ ಚೆರ್ವುಸ್’ ಅದು. ಇಂತಹ ರಚನೆಗೆ ಮೋಟೆಟ್ ಎಂದು ಹೆಸರು. ಮಾತು ಲ್ಯಾಟಿನ್, ವಿಷಯ ದೈವಭಕ್ತಿ. ಬಾಯಾರಿದ ಜಿಂಕೆ ತೊರೆಯನ್ನು ಹಂಬಲಿಸುವಂತೆ ಜೀವವು ದೇವರನ್ನು ಹಂಬಲಿಸುವುದೆಂಬ ಕೀರ್ತನೆಯ ಭಾವವೇ ಈ ಹಾಡಿನದು. ಆ ಭಾಷೆ ಕೊಡಗಿಗೂ ತೀರ ಅಪರಿಚಿತವಲ್ಲ. ವೀರಾಜಪೇಟೆಯಲ್ಲಿ 1792ರಲ್ಲಿ ಆರಂಭವಾದ ಸಂತ ಅನ್ನಮ್ಮನವರ ಇಗರ್ಜಿಯಲ್ಲಿಯೂ ಹಿಂದೆ ಪೂಜೆ ಲ್ಯಾಟಿನ್ನಿನಲ್ಲಿಯೇ ನಡೆಯುತ್ತಿತ್ತು. 1962–65ರ ವ್ಯಾಟಿಕನ್ ಮಹಾಸಭೆಯ ಬಳಿಕ ಜನರ ಮಾತಿಗೆ ಎಡೆ ದೊರೆಯಿತು.

ನಾಲ್ವರು ಕೂಡಿ ಹಾಡುವುದೂ ನಮಗೆ ಹೊಸದಲ್ಲ. ಕೊಡವರ ಬಾಳೊ ಪಾಟಿನಲ್ಲಿ ನಾಲ್ವರು ದುಡಿ ಬಾರಿಸುತ್ತ ಹಾಡುತ್ತಾರೆ. ಇಬ್ಬರು ಹಾಡಿದುದನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ. ಮೋಟೆಟ್ಟಿನಲ್ಲಾದರೋ ಒಂದು ದನಿ ಮುಗಿಯುವ ಮೊದಲೇ ಅದೇ ಧಾಟಿಯನ್ನು ಹಿಡಿದು ಇನ್ನೊಂದು ಒಳಬರುತ್ತದೆ. ‘ಸಿಕುತ್ ಚೆರ್ವುಸ್’ನಲ್ಲಿ ಮೊದಲು ಗಂಡಸರ ಏರುದನಿ, ಬಳಿಕ ಅದಕ್ಕಿಂತ ಮೇಲಿನದು, ಆಮೇಲೆ ಎಲ್ಲಕ್ಕೂ ಎತ್ತರದ್ದು, ಕಟ್ಟಕಡೆಗೆ ಅತಿ ತಗ್ಗಿನದು. ಮೊದಲಿನವು ಅದಕ್ಕಾಗಿ ಕಾದು ನಿಲ್ಲುವುದಿಲ್ಲ. ಅದೂ ಅವಸರಪಟ್ಟು ಓಡುವುದಿಲ್ಲ. ಸ್ವರಗಳು ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತವೆ. ಎರಡು ದನಿಗಳು ತಾಗಿ ಒರಟೆನಿಸುವೆಡೆಯಲ್ಲಿ ಒಂದು ಮೆಲ್ಲನೆ ಒಂದು ಮೆಟ್ಟಿಲು ಇಳಿಯುವುದು; ಕೂಡಲೇ ಎಲ್ಲವೂ ಹದಗೊಳ್ಳುವುದು. ಇಲ್ಲಿ ಮುಂದಾಳೆಂಬವನಿಲ್ಲ, ಹಿಮ್ಮೇಳದವನೂ ಇಲ್ಲ.

ದಸರಾ ರಜೆಯಲ್ಲಿ ಊರಿಗೆ ಹೋದಾಗ ಅಪ್ಪನಿಗೆ ಅದನ್ನು ಕೇಳಿಸಿದೆನು. ಅಪ್ಪ ಶಾಲೆಯ ಮುಖ ಕಂಡವರಲ್ಲ. ಕಾಫಿ ತೋಟದಲ್ಲಿ ಮೂಟೆ ಹೊತ್ತು ನನ್ನನ್ನು ಓದಿಸಿದವರು. ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, “ಕಡೆಗೆ ಬಂದವನೇ ಅಲ್ಲವಾ ಮಗ, ಅಡಿಯಲ್ಲಿ ನಿಂತು ಉಳಿದವರನ್ನೆಲ್ಲ ಹೊತ್ತುಕೊಂಡಿರೋದು?” ಎಂದರು.

ನನಗೆ ಮಾತು ಹೊರಡಲಿಲ್ಲ. ಅಧ್ಯಾಪಕರು ಹೇಳದಿದ್ದುದನ್ನು, ನನಗೂ ಕೇಳಿಸದಿದ್ದುದನ್ನು ಅಪ್ಪ ಒಂದೇ ಸಲಕ್ಕೆ ಕೇಳಿಸಿಕೊಂಡಿದ್ದರು. ಮೂಟೆಯ ಭಾರ ಬಲ್ಲವರಿಗೆ ಹಾಡಿನ ಭಾರವೂ ತಿಳಿಯುವುದೆಂದು ತೋರುತ್ತದೆ. ತಡವಾಗಿ ಬಂದೆನೆಂದು ಇಷ್ಟು ದಿನ ನಾಚಿದವನು ನಾನು. ಆದರೆ ಕಡೆಯ ದನಿಯೂ ಮೊದಲಿನವರು ಹಾಡಿದ ಅದೇ ಧಾಟಿಯನ್ನೇ ಹಾಡುತ್ತದೆ. ಅದು ಬಂದ ಮೇಲೆಯೇ ಹಾಡು ತುಂಬಿಕೊಳ್ಳುತ್ತದೆ.

ರಜೆ ಮುಗಿದ ಮೊದಲನೆಯ ದಿನ, ಎಲ್ಲರ ಪ್ರಶ್ನೆಗಳೂ ಮುಗಿದ ಮೇಲೆ, ಹಿಂದಿನ ಬೆಂಚಿನಲ್ಲಿ ನಾನು ಎದ್ದು ನಿಂತೆನು. ಯಾರೂ ನಗಲಿಲ್ಲ. ಅಧ್ಯಾಪಕರು ಪುಸ್ತಕ ಮುಚ್ಚಿ, “ಕೇಳು” ಎಂದರು.