ಕ್ವಾರಿಮೆನ್ ಹುಡುಗರ ಹಾಡು-ಪಾಡು

ಮಗನ ಕೈಗೆ ಗಿಟಾರ್ ಬಂತೆಂದರೆ ಮನೆಯ ಹಿರಿಯರ ಎದೆ ಢವಗುಟ್ಟುವುದು ಇಂದು ನಿನ್ನೆಯ ಮಾತಲ್ಲ. ಹಾಡು ಹೊಟ್ಟೆ ತುಂಬಿಸೀತೇ ಎಂಬ ಪ್ರಶ್ನೆ ನಮ್ಮ ಊರುಗಳ ನಡುಮನೆಯಲ್ಲಿ ಕೇಳಿಬರುವಂತೆಯೇ ಇಂಗ್ಲೆಂಡಿನ ಬಂದರು ನಗರ ಲಿವರ್‌ಪೂಲ್‌ನ ಮನೆಯೊಂದರಲ್ಲೂ ಕೇಳಿಬಂದಿತ್ತು. ಅದು 1956–57ರ ಕಾಲ. ಕೇಳಿದಾಕೆ ಮಿಮಿ ಸ್ಮಿತ್ ಎಂಬ ವಿಧವೆ. ಕೇಳಿಸಿಕೊಂಡವನು ಆಕೆ ಸಾಕಿ ಬೆಳೆಸಿದ ತಂಗಿಯ ಮಗ, ಹದಿನಾರರ ಹರೆಯದ ಜಾನ್ ಲೆನನ್. ಗಿಟಾರ್ ಹವ್ಯಾಸಕ್ಕೆ ಸರಿ, ಅದರಿಂದ ಬದುಕು ಸಾಗದು ಎಂಬುದು ದೊಡ್ಡಮ್ಮನ ಖಡಾಖಂಡಿತ ಅಭಿಪ್ರಾಯ.

ಮುಂದೆ ಈ ಹುಡುಗ ‘ಬೀಟಲ್ಸ್’ ತಂಡದ ಗಾಯಕನಾಗಿ ಲೋಕವಿಖ್ಯಾತನಾದ. ಆ ಕಥೆ ಎಲ್ಲರಿಗೂ ಗೊತ್ತು. ಆದರೆ ಅದಕ್ಕೂ ಮೊದಲು ಸುಮಾರು ನಾಲ್ಕು ವರ್ಷ ಅವನು ಗೆಳೆಯರನ್ನು ಕಟ್ಟಿಕೊಂಡು, ಕಾಸು ಹುಟ್ಟದಿದ್ದರೂ ಹಾಡುತ್ತ ಅಲೆದ ಕಥೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ವಿದ್ಯಾರ್ಥಿಗಳೂ ಅವರ ತಂದೆ ತಾಯಂದಿರೂ ತಿಳಿಯಬೇಕಾದ ಸಂಗತಿಗಳು ಇರುವುದು ಈ ಕಥೆಯಲ್ಲೇ.

ಚಹಾ ಪೆಟ್ಟಿಗೆಯೇ ವಾದ್ಯ

1956ರ ಆರಂಭದಲ್ಲಿ ಲಾನಿ ಡಾನಗನ್ ಎಂಬ ಗಾಯಕನ ಹಾಡೊಂದು ಬ್ರಿಟನ್ನಿನಲ್ಲಿ ಮನೆಮಾತಾಯಿತು. ‘ಸ್ಕಿಫಲ್’ ಎಂಬ ಈ ಬಗೆಯ ಸಂಗೀತಕ್ಕೆ ದುಬಾರಿ ವಾದ್ಯಗಳೇ ಬೇಡ. ಒಂದು ಅಗ್ಗದ ಗಿಟಾರ್ ಸಾಕು. ಬಟ್ಟೆ ಒಗೆಯುವ ಏಣುಗಳುಳ್ಳ ತಗಡಿನ ಹಲಗೆಯನ್ನು ಬೆರಳಿಗೆ ದರ್ಜಿಯ ಲೋಹದ ಟೋಪಿ ಹಾಕಿಕೊಂಡು ಉಜ್ಜಿದರೆ ತಾಳ ಸಿದ್ಧ. ಚಹಾ ತುಂಬಿ ಬರುತ್ತಿದ್ದ ತೆಳು ಹಲಗೆಯ ಪೆಟ್ಟಿಗೆಯನ್ನು ಬೋರಲು ಹಾಕಿ, ಅದರ ಮೇಲೊಂದು ಪೊರಕೆಯ ಕೋಲು ನಿಲ್ಲಿಸಿ, ಕೋಲಿನ ತುದಿಯಿಂದ ಪೆಟ್ಟಿಗೆಗೆ ದಾರ ಬಿಗಿದರೆ ಅದೇ ಮಂದ್ರವಾದ್ಯ. ಕೋಲನ್ನು ಹಿಂದಕ್ಕೆ ಎಳೆದರೆ ದಾರ ಬಿಗಿಯಾಗಿ ಸ್ವರ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಯುದ್ಧಾನಂತರದ ಬಡತನ ಕಂಡ ಹುಡುಗರಿಗೆ ಇನ್ನೇನು ಬೇಕು? ಗಲ್ಲಿಗೊಂದು ತಂಡ ಹುಟ್ಟಿಕೊಂಡಿತು.

ಕ್ವಾರಿ ಬ್ಯಾಂಕ್ ಶಾಲೆಯಲ್ಲಿ ಓದುತ್ತಿದ್ದ ಲೆನನ್ ಕೂಡ ಒಂದು ತಂಡ ಕಟ್ಟಿದ. ಕ್ವಾರಿ ಎಂದರೆ ಕಲ್ಲುಗಣಿ. ಶಾಲೆಯ ಹಾಡಿನಲ್ಲೇ ಬರುತ್ತಿದ್ದ ಪದ ಹಿಡಿದು ತಂಡಕ್ಕೆ ‘ಕ್ವಾರಿಮೆನ್’ ಎಂದು ಹೆಸರಾಯಿತು. ಗಿಟಾರ್ ಕೊಳ್ಳಲು ಐದು ಪೌಂಡ್ ಹತ್ತು ಷಿಲಿಂಗ್ ಕೊಟ್ಟವಳು ಹೆತ್ತ ತಾಯಿ ಜೂಲಿಯಾ. ಆಕೆ ಹತ್ತಿರದಲ್ಲೇ ಬೇರೆ ಸಂಸಾರ ಹೂಡಿದ್ದಳು. ಅಕ್ಕನ ಕಣ್ಣಿಗೆ ಬೀಳದಿರಲೆಂದು ಗಿಟಾರನ್ನು ಅಂಚೆಯಲ್ಲಿ ತನ್ನ ಮನೆಗೇ ತರಿಸಿದಳು. ತನಗೆ ಬರುತ್ತಿದ್ದ ಬ್ಯಾಂಜೊ ಪಾಠವನ್ನೇ ಗಿಟಾರಿನ ಮೇಲೆ ಹೇಳಿಕೊಟ್ಟಳು. ಹೀಗಾಗಿ ಮಗ ಬಹಳ ದಿನ ಆರು ತಂತಿಯ ವಾದ್ಯವನ್ನು ನಾಲ್ಕೇ ತಂತಿಯಲ್ಲಿ ನುಡಿಸುತ್ತಿದ್ದ!

ಜೊತೆಗಾರರೂ ಸ್ವರಜ್ಞಾನಿಗಳೇನಲ್ಲ. ತಗಡಿನ ಹಲಗೆ ಉಜ್ಜುತ್ತಿದ್ದ ಪೀಟ್ ಷಾಟನ್ ಬಾಲ್ಯದ ಜೀವದ ಗೆಳೆಯ. ಗೆಳೆತನವೇ ಅವನ ಅರ್ಹತೆ. ಎರಿಕ್ ಗ್ರಿಫಿತ್ಸ್ ಗಿಟಾರ್, ರಾಡ್ ಡೇವಿಸ್ ಬ್ಯಾಂಜೊ, ಲೆನ್ ಗ್ಯಾರಿ ಚಹಾ ಪೆಟ್ಟಿಗೆ. ಕಾಲಿನ್ ಹ್ಯಾಂಟನ್ ಮಾತ್ರ ಆಗಲೇ ದುಡಿಯುತ್ತಿದ್ದ. ಕುರ್ಚಿ ಸೋಫಾಗಳಿಗೆ ಮೆತ್ತೆ ಹೊದಿಸುವ ಕೆಲಸ ಕಲಿಯುತ್ತಿದ್ದ ಅವನು ಕಂತಿನ ಮೇಲೆ ಡ್ರಮ್ ಕೊಂಡಿದ್ದ. ಡ್ರಮ್ ಇದ್ದವನಿಗೆ ತಂಡದಲ್ಲಿ ಸ್ಥಾನ ಗಟ್ಟಿ.

1957ರ ಜುಲೈ 6ರಂದು ವೂಲ್ಟನ್‌ನ ಸೇಂಟ್ ಪೀಟರ್ಸ್ ಚರ್ಚಿನ ಜಾತ್ರೆ. ಲಾರಿಯ ಮೇಲೆ ಮೆರವಣಿಗೆಯಲ್ಲಿ ಹಾಡುತ್ತ ಬಂದ ತಂಡ ಮಧ್ಯಾಹ್ನ ಚರ್ಚಿನ ಹಿಂದಿನ ಬಯಲಿನಲ್ಲಿ ಕಾರ್ಯಕ್ರಮ ಕೊಟ್ಟಿತು. ಸಾಲು ಮರೆತಲ್ಲಿ ಲೆನನ್ ತನಗೆ ತೋಚಿದ ಪದ ಸೇರಿಸಿ ಹಾಡುತ್ತಿದ್ದ. ಅಂದು ಗೆಳೆಯನೊಬ್ಬನ ಜೊತೆ ಬಂದಿದ್ದ ಹದಿನೈದರ ಪಾಲ್ ಮೆಕಾರ್ಟ್ನಿ ಚರ್ಚಿನ ಸಭಾಂಗಣದಲ್ಲಿ ಗಿಟಾರ್ ತೆಗೆದುಕೊಂಡು ಒಂದು ಹಾಡನ್ನು ಒಂದಕ್ಷರ ತಪ್ಪದೆ ಹಾಡಿ ತೋರಿಸಿದ. ಶ್ರುತಿ ಮಾಡುವುದೂ ಅವನಿಗೆ ಗೊತ್ತಿತ್ತು. ತಂಡದ ಗಿಟಾರ್ ಹುಡುಗರಿಗೆ ಅದೇ ಬರುತ್ತಿರಲಿಲ್ಲ.

ತನಗಿಂತ ಚೆನ್ನಾಗಿ ನುಡಿಸುವವನನ್ನು ಒಳಗೆ ಬಿಟ್ಟುಕೊಂಡರೆ ತನ್ನ ನಾಯಕತನದ ಗತಿಯೇನು? ಲೆನನ್ ಕೆಲವು ದಿನ ಯೋಚಿಸಿದ. ಕೊನೆಗೆ ತಂಡ ಚೆನ್ನಾಗಬೇಕೆಂಬ ಆಸೆಯೇ ಗೆದ್ದಿತು. ಪಾಲ್‌ಗೆ ಕರೆ ಹೋಯಿತು.

ಪರೀಕ್ಷೆ ಮತ್ತು ಮರಣ

ಅದೇ ಬೇಸಿಗೆಯಲ್ಲಿ ನಮ್ಮ ಎಸ್ಸೆಸ್ಸೆಲ್ಸಿಗೆ ಸಮನಾದ ಪರೀಕ್ಷೆಯ ಫಲಿತಾಂಶವೂ ಬಂತು. ಲೆನನ್ ಬರೆದ ಎಲ್ಲ ವಿಷಯಗಳಲ್ಲೂ ನಪಾಸು. ಮನೆಯಲ್ಲಿ ಏನಾಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ಹುಡುಗನ ಕೈಯಲ್ಲಿ ಚಿತ್ರಕಲೆ ಇದೆ ಎಂಬುದನ್ನು ಗಮನಿಸಿದ್ದ ಮುಖ್ಯೋಪಾಧ್ಯಾಯರ ಶಿಫಾರಸಿನಿಂದ ಕಲಾ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅಂಕಪಟ್ಟಿಯ ಆಚೆಗೂ ವಿದ್ಯಾರ್ಥಿಯನ್ನು ನೋಡಬಲ್ಲ ಒಬ್ಬ ಶಿಕ್ಷಕ ಇದ್ದರೆ ಎಷ್ಟು ವ್ಯತ್ಯಾಸವಾಗುತ್ತದೆ!

ರಾಡ್ ಡೇವಿಸ್‌ನ ದಾರಿ ಬೇರೆ. ಸ್ಕಿಫಲ್ ಬಿಟ್ಟು ರಾಕ್ ಸಂಗೀತದತ್ತ ತಂಡ ವಾಲಿದ್ದು ಅವನಿಗೆ ರುಚಿಸಲಿಲ್ಲ. ಶಾಲೆಯಲ್ಲೇ ಮುಂದಿನ ತರಗತಿಗೆ ಹೋಗಿ, ಚೆನ್ನಾಗಿ ಓದಿ, ಕೇಂಬ್ರಿಜ್ ಸೇರಿದ. ತಗಡಿನ ಹಲಗೆಯ ಷಾಟನ್ ಕೂಡ ಹೊರಬಿದ್ದ. ಒಂದು ಸಂಜೆ ಲೆನನ್ ಆ ಹಲಗೆಯನ್ನು ಅವನ ತಲೆಯ ಮೇಲೇ ಮುರಿದುಹಾಕಿದ. ಸಂಗೀತ ಮುಗಿಯಿತು, ಸ್ನೇಹ ಮುಗಿಯಲಿಲ್ಲ. ವಾದ್ಯಕ್ಕೋಸ್ಕರ ಗೆಳೆಯನನ್ನು ಕಳೆದುಕೊಳ್ಳುವವರೇ ಹೆಚ್ಚಾಗಿರುವಾಗ ಇದು ಸಣ್ಣ ಮಾತಲ್ಲ.

1958ರ ಜುಲೈ 15ರಂದು ಜೂಲಿಯಾ ಅಕ್ಕನ ಮನೆಯಿಂದ ಹೊರಟು ರಸ್ತೆ ದಾಟುವಾಗ ಕಾರು ಬಡಿದು ತೀರಿಕೊಂಡಳು. ಲೆನನ್‌ಗೆ ಆಗ ಹದಿನೇಳು. ಪಾಲ್‌ನ ತಾಯಿ 1956ರ ಅಕ್ಟೋಬರಿನಲ್ಲೇ ಕ್ಯಾನ್ಸರಿಗೆ ಬಲಿಯಾಗಿದ್ದಳು. ತಾಯಿಯಿಲ್ಲದ ಈ ಇಬ್ಬರು ಹುಡುಗರು ಅದನ್ನು ಬಾಯಿಬಿಟ್ಟು ಆಡಿಕೊಂಡದ್ದು ಕಡಿಮೆಯೇ. ಆದರೆ ಎದುರುಬದುರು ಕುಳಿತು ಗಿಟಾರ್ ನುಡಿಸುವುದು ನಿಲ್ಲಲಿಲ್ಲ. ಪಾಲ್‌ನ ತಂದೆ ಜಿಮ್ ಹತ್ತಿ ವ್ಯಾಪಾರದ ಸಂಸ್ಥೆಯಲ್ಲಿ ಕೆಲಸಕ್ಕಿದ್ದವರು. ಪ್ರಾಯದಲ್ಲಿ ತಾವೂ ಒಂದು ಜಾಝ್ ತಂಡ ನಡೆಸಿದ್ದವರು. ಅವರು ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಶಾಲೆ ಕಾಲೇಜಿಗೆ ಚಕ್ಕರ್ ಹೊಡೆದು, ಫೋರ್ತ್‌ಲಿನ್ ರಸ್ತೆಯ ಪುಟ್ಟ ಮನೆಯಲ್ಲಿ ಹುಡುಗರು ಸ್ವಂತ ಹಾಡು ಕಟ್ಟುತ್ತಿದ್ದರು. ಬಸ್ ಚಾಲಕನ ಮಗ ಜಾರ್ಜ್ ಹ್ಯಾರಿಸನ್ ಆ ವರ್ಷವೇ ತಂಡ ಸೇರಿದ್ದ. ಅವನ ತಾಯಿ ಲೂಯಿಸ್ ಮಾತ್ರ ಹುಡುಗರನ್ನು ಮನೆಗೇ ಕರೆದು ಅಭ್ಯಾಸಕ್ಕೆ ಜಾಗ ಮಾಡಿಕೊಡುತ್ತಿದ್ದಳು. ಮಿಮಿಯ ಮನೆಯಲ್ಲಾದರೋ ಗಾಜಿನ ಮುಂಬಾಗಿಲ ಮೊಗಸಾಲೆಯೇ ಅಭ್ಯಾಸದ ಕೋಣೆ!

ಒಂದೇ ಒಂದು ತಟ್ಟೆ

1958ರಲ್ಲೇ ಐವರು ಹುಡುಗರು ಚಿಲ್ಲರೆ ಕೂಡಿಸಿಕೊಂಡು ಪರ್ಸಿ ಫಿಲಿಪ್ಸ್ ಎಂಬುವರು ಮನೆಯಲ್ಲೇ ನಡೆಸುತ್ತಿದ್ದ ಪುಟ್ಟ ಸ್ಟುಡಿಯೊಗೆ ಹೋದರು. ಲೆನನ್, ಪಾಲ್, ಜಾರ್ಜ್, ಡ್ರಮ್‌ನ ಹ್ಯಾಂಟನ್, ಪಿಯಾನೊದ ಜಾನ್ ಲೋ. ಒಂದು ಬದಿಗೆ ಅಮೆರಿಕದ ಜನಪ್ರಿಯ ಹಾಡು, ಇನ್ನೊಂದು ಬದಿಗೆ ಪಾಲ್-ಜಾರ್ಜ್ ಹೆಸರಿನ ಸ್ವಂತ ಹಾಡು. ಸಿಕ್ಕಿದ್ದು ಒಂದೇ ತಟ್ಟೆ. ಒಬ್ಬೊಬ್ಬರು ಒಂದೊಂದು ವಾರ ಇಟ್ಟುಕೊಳ್ಳುವುದೆಂದು ಒಪ್ಪಂದವಾಯಿತು. ಸರದಿ ಬಂದಾಗ ಪಡೆದ ಲೋ ಹತ್ತಿರ ಅದು ಇಪ್ಪತ್ತಕ್ಕೂ ಹೆಚ್ಚು ವರ್ಷ ಉಳಿಯಿತು. 1981ರಲ್ಲಿ ಪಾಲ್ ಅದನ್ನು ಹಣ ಕೊಟ್ಟು ಕೊಂಡ. ಆ ಹಾಡುಗಳು ಸಾರ್ವಜನಿಕರ ಕಿವಿಗೆ ಬಿದ್ದದ್ದು 1995ರಲ್ಲಿ.

ತಟ್ಟೆ ಉಳಿಯಿತು, ತಂಡ ಕರಗುತ್ತ ಹೋಯಿತು. ಜಾರ್ಜ್ ಬಂದ ಮೇಲೆ ಗ್ರಿಫಿತ್ಸ್‌ಗೆ ಜಾಗವಿಲ್ಲದಂತಾಗಿ ಅವನು ಹಡಗಿನ ಕೆಲಸ ಹಿಡಿದ. ಗ್ಯಾರಿ ಮಿದುಳುಪೊರೆಯ ಕ್ಷಯದಿಂದ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ. ಲೋಗೆ ಕೊನೆಯ ಬಸ್ಸಿನ ಚಿಂತೆ, ಮನೆ ದೂರ. ಕುಡಿದು ಕೆಡಿಸಿದ ಒಂದು ಕಾರ್ಯಕ್ರಮದ ನಂತರ ಬಸ್ಸಿನಲ್ಲಿ ಜಗಳವಾಗಿ ಹ್ಯಾಂಟನ್ ಇಳಿದು ಹೋದ. ಡ್ರಮ್ಮನ್ನು ಬಟ್ಟೆಯ ಬೀರುವಿನ ಮೇಲೇರಿಸಿಬಿಟ್ಟ. ಉಳಿದವರು ಮೂವರು, ಮೂರೂ ಗಿಟಾರ್. ಡ್ರಮ್ ಎಲ್ಲಿ ಎಂದು ಕೇಳಿದವರಿಗೆ ತಾಳ ಗಿಟಾರಿನಲ್ಲೇ ಇದೆ ಎಂದು ಹೇಳಿ ಪಾರಾಗುತ್ತಿದ್ದರು. ಹೆಸರು ಬದಲಿಸಿ, ಬೀಟಲ್ಸ್ ಆಗಿ, 1960ರ ಆಗಸ್ಟ್‌ನಲ್ಲಿ ಜರ್ಮನಿಯ ಹ್ಯಾಂಬರ್ಗಿಗೆ ಸಂಬಳಕ್ಕೆ ಹಾಡಲು ಹೊರಟಾಗ ಹವ್ಯಾಸದ ದಿನಗಳು ಮುಗಿದವು.

ಇಲ್ಲಿ ತಂದೆ ತಾಯಂದಿರು ಒಂದು ಲೆಕ್ಕ ಹಾಕಿ ನೋಡಬಹುದು. ತಂಡಕ್ಕೆ ಬಂದು ಹೋದ ಹುಡುಗರಲ್ಲಿ ಲೋಕ ಗೆದ್ದವರು ಮೂವರೇ. ಮಿಕ್ಕವರಲ್ಲಿ ಒಬ್ಬ ಮೆತ್ತೆಯ ಕೆಲಸದಲ್ಲಿ ನಿಂತ, ಇನ್ನೊಬ್ಬ ಮೇಷ್ಟರಾದ, ಮತ್ತೊಬ್ಬ ಅಂಗಡಿ ಹೋಟೆಲು ನಡೆಸಿದ. ಹಾಗೆ ನೋಡಿದರೆ ಮಿಮಿಯ ಮಾತು ಹೆಚ್ಚಿನವರ ಪಾಲಿಗೆ ನಿಜವೇ ಆಯಿತು. ಗಿಟಾರ್ ಅವರಿಗೆ ಅನ್ನ ಕೊಡಲಿಲ್ಲ. ಹಾಗೆಂದು ಆ ವರ್ಷಗಳು ವ್ಯರ್ಥವಾದವೇ?

ಉತ್ತರ ಅವರೇ ಕೊಟ್ಟರು. 1997ರಲ್ಲಿ, ಆ ಜಾತ್ರೆಗೆ ನಲವತ್ತು ವರ್ಷ ತುಂಬಿದಾಗ, ಲಾರಿಯ ಮೇಲಿದ್ದ ಆರು ಜನರಲ್ಲಿ ಲೆನನ್ ಒಬ್ಬನನ್ನು ಬಿಟ್ಟು ಐವರೂ ಮತ್ತೆ ಸೇರಿದರು. 1980ರಲ್ಲೇ ಗುಂಡಿಗೆ ಬಲಿಯಾದ ಅವನ ಜಾಗ ಖಾಲಿಯಾಗಿಯೇ ಇತ್ತು. ಅರವತ್ತರ ಹೊಸ್ತಿಲಲ್ಲಿದ್ದ ಷಾಟನ್ ಹಲಗೆ ಹಿಡಿದ, ಡೇವಿಸ್ ತಂತಿ ಮೀಟಿದ, ಹ್ಯಾಂಟನ್ ಡ್ರಮ್ಮಿನ ಮುಂದೆ ಕುಳಿತ. ಇನ್ನು ಹೆಸರು ಮಾಡಬೇಕೆಂಬ ಹಂಬಲ ಯಾರಿಗೂ ಇರಲಿಲ್ಲ. ಗೆಳೆಯರೊಡನೆ ಹಾಡುವುದು ಎಷ್ಟು ಚೆಂದವಿತ್ತು ಎಂಬುದಷ್ಟೇ ನೆನಪಿತ್ತು. ಅದು ಹಿತವೆನಿಸಿದ್ದರಿಂದಲೇ ಅವರು ಅಲ್ಲಿಗೆ ನಿಲ್ಲಿಸದೆ ಊರೂರು ತಿರುಗಿ ಹಾಡಿದರು.