ಮರೀನಾದ 263 ಮೀಟರ್

ಚೆನ್ನೈಗೆ ಬಂದು ಹನ್ನೊಂದು ವರ್ಷವಾಯಿತು. ಊರಿಂದ ಬಂದವರಿಗೆಲ್ಲ ಮರೀನಾ, ಮೈಲಾಪುರ, ಮಹಾಬಲಿಪುರ ಎಂದು ಒಂದು ರೂಟ್ ಮಾಡಿಟ್ಟುಕೊಂಡಿದ್ದೇನೆ. ಕಳೆದ ಜನವರಿಯಲ್ಲಿ ಅಕ್ಕ ಬಂದಾಗ ಆ ರೂಟ್ ಕೆಲಸಕ್ಕೆ ಬರಲಿಲ್ಲ. ಅಕ್ಕನಿಗೆ ಎರಡನೇ ವರ್ಷಕ್ಕೇ ಪೋಲಿಯೊ ಆಗಿತ್ತು. ನಲವತ್ತರವರೆಗೆ ಕ್ಯಾಲಿಪರ್ ಹಾಕಿಕೊಂಡು ನಡೆದಳು, ಈಗ ವೀಲ್‌ಚೇರ್. "ದೇವಸ್ಥಾನ ಎಲ್ಲ ಬೇಡ ತಮಾ, ನಂಗೆ ದೋಣಿ ಹತ್ತಬೇಕು" ಎಂದಳು ಬಂದ ದಿನವೇ.

ಈ ದೋಣಿ ಹುಚ್ಚು ಹಳೆಯದು. ನಮ್ಮ ಮನೆ ಹೊನ್ನಾವರದ ಹತ್ತಿರ, ಶರಾವತಿ ದಂಡೆಯಲ್ಲಿ. ಅಂಗಳದಿಂದ ಗದ್ದೆಗೆ ಹೋಗಲು ಅಕ್ಕನಿಗೆ ಯಾರಾದರೂ ಕೈ ಕೊಡಬೇಕಿತ್ತು. ಆದರೆ ಅಪ್ಪ ಅವಳನ್ನು ದೋಣಿಯಲ್ಲಿ ಕೂರಿಸಿ ಕೈಗೆ ಹುಟ್ಟು ಕೊಟ್ಟರೆ ಮುಗಿಯಿತು, ನಾನು ಅವಳ ಸಮಕ್ಕೆ ಬರುತ್ತಲೇ ಇರಲಿಲ್ಲ. ಊರುಗೋಲು ಹಿಡಿದು ಹಿಡಿದು ಗಟ್ಟಿಯಾದ ತೋಳು ಅವಳದ್ದು.

ಆ ಹುಚ್ಚು ಮತ್ತೆ ಕೆರಳಿದ್ದು 2021ರಲ್ಲಿ. ಕೋವಿಡ್ ದೆಸೆಯಿಂದ ನಾನೂ ಲ್ಯಾಪ್‌ಟಾಪ್ ಹಿಡಿದು ಊರಲ್ಲೇ ಇದ್ದೆ. ಸೆಪ್ಟೆಂಬರ್ 3ರ ಬೆಳಗ್ಗೆ ಟೋಕಿಯೊ ಪ್ಯಾರಾಲಿಂಪಿಕ್ಸ್‌ನ ಕೆನೋಯಿಂಗ್ ಫೈನಲ್ ಅನ್ನು ಮೊಬೈಲಿನಲ್ಲಿ ನೋಡಿದೆವು. ಪ್ಯಾರಾಲಿಂಪಿಕ್ಸ್ ಕೆನೋಯಿಂಗ್‌ಗೆ ಭಾರತದಿಂದ ಮೊದಲ ಬಾರಿಗೆ ಹೋದವರು ಗ್ವಾಲಿಯರ್‌ನ ಪ್ರಾಚಿ ಯಾದವ್. 200 ಮೀಟರ್ ದೂರವನ್ನು ಒಂದು ನಿಮಿಷ ಏಳು ಸೆಕೆಂಡ್ ಚಿಲ್ಲರೆಯಲ್ಲಿ ಮುಗಿಸಿ ಎಂಟನೆಯವರಾದರು. ಚಿನ್ನ ಬ್ರಿಟನ್ನಿನ ಎಮ್ಮಾ ವಿಗ್ಸ್‌ಗೆ ಹೋಯಿತು. ಅಕ್ಕ ಚಿನ್ನದ ಕಡೆ ನೋಡಲೇ ಇಲ್ಲ. "ಅವಳಿಗೂ ಕಾಲಿಲ್ವನೋ? ಹಂಗಾರೆ ಹೇಗೆ ಕೂತಿದಾಳೆ?" ಎಂದು ಕೇಳಿದಳು.

ಅವಳ ಪ್ರಶ್ನೆಯೇ ಈ ಆಟದ ತಿರುಳು. ಕಯಾಕ್ ನಡೆಸುವುದು ಬರೀ ತೋಳಿನ ಕೆಲಸವಲ್ಲ. ಪಾದದಿಂದ ಒತ್ತಿ, ಸೊಂಟ ತಿರುಗಿಸಿದಾಗಲೇ ಹುಟ್ಟಿಗೆ ಬಲ ಬರುವುದು. ಹಾಗಾಗಿ ದೇಹದ ಯಾವ ಭಾಗ ಎಷ್ಟು ಕೆಲಸ ಮಾಡುತ್ತದೆ ಎಂದು ಪರೀಕ್ಷಿಸಿ ಸ್ಪರ್ಧಿಗಳನ್ನು ಮೂರು ವರ್ಗ ಮಾಡುತ್ತಾರೆ. ಕೆಎಲ್1 ಎಂದರೆ ಹೆಚ್ಚುಕಡಿಮೆ ತೋಳು, ಭುಜದ ಬಲವಷ್ಟೇ ಇರುವವರು. ಕೆಎಲ್3ರವರಿಗೆ ಸೊಂಟ, ಕಾಲುಗಳಲ್ಲಿ ಒಂದಿಷ್ಟು ಶಕ್ತಿ ಇರುತ್ತದೆ. ದೇಹಕ್ಕೆ ತಕ್ಕಂತೆ ಸೀಟು, ಬೆನ್ನಿಗೆ ಆನಿಕೆ, ಬೆಲ್ಟು ಮಾಡಿಸಿಕೊಳ್ಳಬಹುದು. ದೋಣಿ ಮಗುಚಿದರೆ ಬೆಲ್ಟು ತಟ್ಟನೆ ಬಿಚ್ಚಿಕೊಳ್ಳಬೇಕು, ಅಷ್ಟೆ. ಒಂದು ಕಯಾಕಿನ ಉದ್ದ ಹೆಚ್ಚೆಂದರೆ 5.2 ಮೀಟರ್, ತೂಕ ಕನಿಷ್ಠ 12 ಕಿಲೊ. ನಮ್ಮನೆ ಅಕ್ಕಿ ಚೀಲವೇ ಅದಕ್ಕಿಂತ ಭಾರ.

ಪ್ರಾಚಿ ಟೋಕಿಯೊದಲ್ಲಿ ನಡೆಸಿದ್ದು ಕಯಾಕ್ ಅಲ್ಲ, 'ವಾ' ಎಂಬ ಪಾಲಿನೇಷ್ಯಾ ಮೂಲದ ದೋಣಿ. ಅದಕ್ಕೆ ಚುಕ್ಕಾಣಿ ಇಲ್ಲ. ಹುಟ್ಟಿಗೂ ಒಂದೇ ಅಲಗು. ಸಮತೋಲಕ್ಕೆ ಪಕ್ಕದಲ್ಲಿ ಒಂದು ತೇಲುದಿಂಡು ಕಟ್ಟಿರುತ್ತಾರೆ. ಹಾಗೆ ಪಕ್ಕಕ್ಕೆ ಮರ ಕಟ್ಟಿದ ದೋಣಿಯನ್ನು ಅಕ್ಕ ಕಾರವಾರದ ಕಡೆ ನೋಡಿದ್ದಳು. "ಇದೆಂತ ಹೊಸದು?" ಎಂದು ಸುಮ್ಮನಾದಳು. ಆದರೆ 2023ರ ಅಕ್ಟೋಬರ್‌ನಲ್ಲಿ ಹ್ಯಾಂಗ್‌ಝೌ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಪ್ರಾಚಿಗೆ ಕಯಾಕ್‌ನಲ್ಲಿ ಚಿನ್ನ, ವಾದಲ್ಲಿ ಬೆಳ್ಳಿ ಬಂದಾಗ ಫೋನ್ ಮಾಡಿದವಳು ಅವಳೇ. ಪ್ರಾಚಿಯ ಗಂಡ ಮನೀಶ್ ಕೌರವ್ ಅವರಿಗೂ ಕಯಾಕ್‌ನಲ್ಲಿ ಕಂಚು ಬಂದಿತ್ತು. "ಗಂಡ ಹೆಂಡ್ತಿ ಇಬ್ರೂ!" ಎಂದು ಅದನ್ನೇ ಮೂರು ಸಲ ಹೇಳಿದಳು.

ಪ್ರಾಚಿ ತರಬೇತಿ ಪಡೆದದ್ದು ಭೋಪಾಲ್‌ನ ಕೆರೆಯಲ್ಲಿ. ಸಮುದ್ರವೇ ಇಲ್ಲದ ಊರು! ಅಡ್ಯಾರ್, ಕೂವಂ, ಬಕಿಂಗ್‌ಹ್ಯಾಮ್ ಕಾಲುವೆ, ಜೊತೆಗೆ ಇಷ್ಟುದ್ದದ ಕಡಲು ಇಟ್ಟುಕೊಂಡ ಚೆನ್ನೈನಲ್ಲಿ ಕೂತು ಇದನ್ನು ಯೋಚಿಸಿದರೆ ವಿಚಿತ್ರ ಅನಿಸುತ್ತದೆ. ಈ ಸ್ಪರ್ಧೆಗೆ ಅಲೆ ಇಲ್ಲದ ನೀರು ಬೇಕು ನಿಜ. ಅದಕ್ಕಿಂತ ಮೊದಲು ಬೇಕಾದದ್ದು ನೀರಿನವರೆಗೆ ಹೋಗುವ ದಾರಿ.

ಅದು ಗೊತ್ತಾದದ್ದು ಸಂಕ್ರಾಂತಿ ಕಳೆದ ಶನಿವಾರ. ಇಸಿಆರ್ ಕಡೆಯ ಒಂದು ಬೋಟ್ ಹೌಸಿಗೆ ಅಕ್ಕನನ್ನು ಕರೆದುಕೊಂಡು ಹೋದೆ. ಹಿನ್ನೀರು ಕನ್ನಡಿ ಹಾಗಿತ್ತು. ಟಿಕೆಟ್ ಕೊಂಡು ಒಳಗೆ ಹೋದರೆ ದಕ್ಕೆಗೆ ಇಳಿಯಲು ಹದಿನಾಲ್ಕು ಮೆಟ್ಟಿಲು. ಅಲ್ಲಿನ ಇಬ್ಬರು ಹುಡುಗರು ಓಡಿ ಬಂದು, "ತೂಕ್ಕಿಟ್ಟು ಪೋಗಲಾಂ ಅಕ್ಕಾ" ಎಂದರು. ಎತ್ತಿಕೊಂಡು ಹೋಗುತ್ತೇವೆ ಎಂದು. ಪ್ರೀತಿಯಿಂದಲೇ ಕೇಳಿದ್ದರು. ಅಕ್ಕ ಬೇಡ ಎಂದಳು. "ಹತ್ತು ನಿಮಿಷದ ವಿಷಯ, ಯಾಕೆ ಹಟ?" ಎಂದು ನಾನು ಸಿಡುಕಿದೆ. "ನಲವತ್ತು ವರ್ಷ ಎತ್ತಿಸ್ಕೊಂಡಿದ್ದು ಸಾಕಾಯ್ತು ತಮಾ" ಎಂದಳು. ದಂಡೆ ಮೇಲೆ ಕೂತು ಒಂದು ಗಂಟೆ ಬೇರೆಯವರ ಪೆಡಲ್ ಬೋಟ್ ನೋಡಿದೆವು. ಆ ಟಿಕೆಟ್ ಈಗಲೂ ನನ್ನ ಪರ್ಸಿನಲ್ಲಿದೆ.

ಮರುದಿನ ಬೆಳಗ್ಗೆ ಆರಕ್ಕೇ ಮರೀನಾಗೆ ಹೋದೆವು. ವಿವೇಕಾನಂದರ್ ಇಲ್ಲಂ ಎದುರಿಗೆ ರಸ್ತೆ ಬದಿಯಿಂದ ಕಡಲಿನ ಕಡೆಗೆ ಮರದ ಹಲಗೆಯ ದಾರಿ ಇದೆ. ಉದ್ದ 263 ಮೀಟರ್, ಅಗಲ 3 ಮೀಟರ್. ಮೊದಲೆಲ್ಲ ವರ್ಷಕ್ಕೊಮ್ಮೆ, ಡಿಸೆಂಬರ್ 3ರ ಅಂಗವಿಕಲರ ದಿನದ ಸುಮಾರಿಗೆ ತಾತ್ಕಾಲಿಕವಾಗಿ ದಾರಿ ಹಾಕುತ್ತಿದ್ದರು. ಇಲ್ಲಿನ ಅಂಗವಿಕಲರ ಹಕ್ಕಿನ ಹೋರಾಟಗಾರರು ವರ್ಷಗಟ್ಟಲೆ ಬೆನ್ನು ಬಿದ್ದ ಮೇಲೆ ಈ ಕಾಯಂ ದಾರಿ ಆಯಿತು. ಸುಮಾರು 1.14 ಕೋಟಿ ರೂಪಾಯಿ ಖರ್ಚಾಯಿತಂತೆ. 2022ರ ನವೆಂಬರ್ 27ಕ್ಕೆ ಉದ್ಘಾಟನೆಯಾಯಿತು. ಎರಡು ವಾರ ತುಂಬುವುದರೊಳಗೆ ಮಾಂಡೌಸ್ ಚಂಡಮಾರುತ ಬಂದು ಅದರ ತುದಿಯನ್ನು ಕಿತ್ತು ಹಾಕಿತು. ಮತ್ತೆ ರಿಪೇರಿ ಮಾಡಿದರು.

ಅಕ್ಕ ನನ್ನ ಕೈ ತಳ್ಳಿ ತಾನೇ ಚಕ್ರ ತಿರುಗಿಸಿಕೊಂಡು ಹೊರಟಳು. ಮರಳಲ್ಲಿ ಚಪ್ಪಲಿ ಕೈಲಿ ಹಿಡಿದು ನಡೆಯುತ್ತಿದ್ದವರಿಗಿಂತ ಮುಂದೆ ಹೋದಳು. ತುದಿಯಲ್ಲಿ ನಿಂತಾಗ ಅಲೆಗೂ ನಮಗೂ ನಡುವೆ ಇನ್ನೂ ಒಂದಿಷ್ಟು ಮರಳಿತ್ತು. ದೂರದಲ್ಲಿ ಫೈಬರ್ ದೋಣಿಗಳು ಮರಳುತ್ತಿದ್ದವು. ಇಂಗ್ಲಿಷಿನ ಕ್ಯಾಟಮರಾನ್ ಬಂದದ್ದು ಇಲ್ಲಿನ 'ಕಟ್ಟುಮರಂ'ನಿಂದ ಎಂದೆ. "ಕಟ್ಟಿದ ಮರ. ಅದಕ್ಕೆ ತಮಿಳೇ ಯಾಕೆ, ನಮ್ಗೂ ತಿಳಿತದೆ" ಎಂದಳು.

ಆಮೇಲೆ, "ಪ್ರಾಚಿ ಹೋಗಿದ್ದು ಇದಕ್ಕಿಂತ ಕಮ್ಮಿ ದೂರ ಅಲ್ವನೋ?" ಎಂದು ಕೇಳಿದಳು.

"63 ಮೀಟರ್ ಕಮ್ಮಿ."

"ಮೊಬೈಲ್ ತೆಗಿ. ಟೈಮ್ ಹಾಕು."

ರಸ್ತೆಯ ಕಡೆಗೆ ಮುಖ ಮಾಡಿ ಹೊರಟಳು. ನಾನು ಪಕ್ಕದಲ್ಲಿ ಏದುಸಿರು ಬಿಡುತ್ತ ಓಡಿದೆ. ವಾಕಿಂಗ್ ಬಂದಿದ್ದ ಮಾಮಿಯರು ದಾರಿ ಬಿಟ್ಟರು. ಅರ್ಧ ದಾರಿಯಲ್ಲಿ ಒಂದು ನಾಯಿ ಅಡ್ಡ ಮಲಗಿತ್ತು. ಎಷ್ಟು ಗದರಿದರೂ ಏಳಲಿಲ್ಲ, ಸುತ್ತಿಕೊಂಡು ಹೋಗಬೇಕಾಯಿತು. ಕೊನೆ ಮುಟ್ಟಿದಾಗ ಮೂರು ನಿಮಿಷ ಐವತ್ತು ಸೆಕೆಂಡ್ ಆಗಿತ್ತು. ಅಂಗೈ ಕೆಂಪಾಗಿತ್ತು. ನಾನು ಮೊಬೈಲ್ ತೋರಿಸಿದೆ.

"ನಾಯಿದು ಹತ್ತು ಸೆಕೆಂಡ್ ಕಳಿ" ಎಂದಳು.