ಪತ್ತನಾಜೆ ಕಳೆದ ಮೇಲಿನ ನಾಸ್ತಿಕರು

ದೀಪಾವಳಿಯಿಂದ ಪತ್ತನಾಜೆಯ ತನಕ ತುಳುನಾಡಿನಲ್ಲಿ ನಾಲ್ಕು ಜನರನ್ನು ಒಂದು ಸಂಜೆ ಪುಸ್ತಕದ ಮುಂದೆ ಕೂರಿಸುವುದು ಸುಲಭದ ಕೆಲಸವಲ್ಲ. ಒಬ್ಬರಿಗೆ ಕುಟುಂಬದ ನೇಮ, ಇನ್ನೊಬ್ಬರಿಗೆ ಕಟೀಲು ಮೇಳದ ಹರಕೆಯಾಟ, ಮತ್ತೊಬ್ಬರಿಗೆ ಬ್ರಹ್ಮಕಲಶದ ಹೊರೆಕಾಣಿಕೆ. ಬೇಶ ತಿಂಗಳ ಹತ್ತು ಕಳೆದು, ಮೇಳದವರು ಗೆಜ್ಜೆ ಬಿಚ್ಚಿದ ಮೇಲೆಯೇ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಮ್ಮ ಪುಟ್ಟ ಓದುಗರ ಬಳಗಕ್ಕೆ ಪುರುಸೊತ್ತು. ಈ ಮಳೆಗಾಲಕ್ಕೆ ಒಂದು ನಾಸ್ತಿಕ ಕಾದಂಬರಿ ಓದುವ ಎಂದು ಯಾರೋ ಅಂದಾಗಲೂ ತಾರೀಕು ಗೊತ್ತುಮಾಡಿಕೊಟ್ಟದ್ದು ದೈವಗಳೇ.

ಯಾವ ಕಾದಂಬರಿ? ಮೊದಲು ಬಂದದ್ದು ಫ್ರಾನ್ಸಿನ ಕಾಮೂ. "ಅಲ್ಲಿಯ ದೇವರನ್ನು ಅಲ್ಲಿಯವರು ಬೇಡ ಅಂದ್ರೆ ನಮಗೆಂತ ನಷ್ಟ ಮಾರಾಯ್ರೆ?" ಎಂದರು ಬಂಟ್ವಾಳದ ಮಾಸ್ಟ್ರು. ಕಾಮೂ ಅಲ್ಲಿಗೇ ಬದಿಗೆ ಸರಿದ.

ಆಮೇಲೆ ಅನಂತಮೂರ್ತಿಯವರ 'ಭಾರತೀಪುರ' (1973). ಇಂಗ್ಲೆಂಡಿನಿಂದ ಮರಳಿದ ಜಗನ್ನಾಥ ದಲಿತರನ್ನು ಮಂಜುನಾಥನ ಗುಡಿಯೊಳಗೆ ಕರೆದೊಯ್ಯಲು ಹೊರಡುವ ಕಥೆ. ಮಂಜುನಾಥ ಎಂದದ್ದೇ ತಡ, ಬೆಳ್ತಂಗಡಿಯವರು ಕುರ್ಚಿಯಲ್ಲಿ ನೆಟ್ಟಗಾದರು. ಬರೆದವರು ತೀರ್ಥಹಳ್ಳಿ ಕಡೆಯವರು, ಊರು ಕಲ್ಪನೆಯದ್ದು ಎಂದು ಸಮಾಧಾನ ಹೇಳಬೇಕಾಯಿತು. ನನ್ನ ತಕರಾರು ಬೇರೆ: ಜಗನ್ನಾಥನಿಗೆ ನಗು ಬರುವುದಿಲ್ಲ. ಆ ಪುಸ್ತಕದಲ್ಲಿ ನನಗೆ ಇಷ್ಟ ಅಲ್ಲಿಯ ದೈವ, ಭೂತರಾಯ. ದೇವರಿಲ್ಲ ಎನ್ನಲು ನಮ್ಮಲ್ಲಿ ಭಾರೀ ಧೈರ್ಯವೇನೂ ಬೇಡ, ಕಾಲೇಜಿನಲ್ಲಿ ಎಲ್ಲರೂ ಒಮ್ಮೆ ಹೇಳಿದವರೇ. ಪಂಜುರ್ಲಿ ದೈವ ಇಲ್ಲ ಎಂದು ಕತ್ತಲಾದ ಮೇಲೆ ಗದ್ದೆಯ ಬದುವಿನಲ್ಲಿ ನಿಂತು ಹೇಳಿ ನೋಡುವ!

ಕಾರಂತರ 'ಚೋಮನ ದುಡಿ'ಯ (1933) ಚೋಮನೂ ಅಷ್ಟೆ. ಬೇಸಾಯಕ್ಕೆ ತುಂಡು ಭೂಮಿ ಸಿಕ್ಕೀತೆಂದು ಮತ ಬಿಡಲು ಹೊರಟವನು ಪಂಜುರ್ಲಿಯನ್ನು ಬಿಡಲಾರದೆ ಹಿಂದೆ ಬಂದ. ಕಾರಂತರು ಸ್ವತಃ ದೇವರನ್ನು ನೆಚ್ಚಿದವರಲ್ಲ. ಆದರೆ ಚೌಕಿಯ ಗಣಪತಿ ಪೂಜೆಯಿಂದ ಶುರುವಾಗುವ ಯಕ್ಷಗಾನದ ಹಿಂದೆ ಆಯುಷ್ಯವೆಲ್ಲ ತಿರುಗಿದವರು. ನಂಬದವನು ನಂಬಿದವರ ನಡುವೆ ಅಷ್ಟು ಕಾಲ ಕೂತರೆ ಬರುವ ಬರವಣಿಗೆಯೇ ಬೇರೆ. ನನ್ನ ಮತ ಅದಕ್ಕೇ, ಅವರ 'ಮೂಕಜ್ಜಿಯ ಕನಸುಗಳು' (1968) ಪುಸ್ತಕಕ್ಕೆ ಬಿತ್ತು.

ಟೀಚರಕ್ಕ ಸುಮ್ಮನೆ ಬಿಡಲಿಲ್ಲ. "ಮುಟ್ಟಿದ ವಸ್ತುವಿನ ಹಿಂದುಮುಂದು ಕಾಣುವ ಅಜ್ಜಿ ಅಂದ್ರೆ ಅದು ದರ್ಶನವೇ ಅಲ್ವಾ? ದೇವರನ್ನು ಪ್ರಶ್ನೆ ಮಾಡ್ಲಿಕ್ಕೆ ಕಾರಂತರಿಗೂ ಒಬ್ಬರು ಪಾತ್ರಿ ಬೇಕಾಯ್ತಾ?" ಒಳ್ಳೆಯ ಪ್ರಶ್ನೆ. ಜ್ಞಾನಪೀಠ (1977) ಕೊಟ್ಟವರಿಗೆ ಇದು ಹೊಳೆದಿತ್ತೋ ಏನೋ! ನನಗನ್ನಿಸುವುದು ಇಷ್ಟು: ಜನ ಬದಲಾದಂತೆ ದೇವರೂ ಬದಲಾದ ಎಂದು ಪ್ರೊಫೆಸರೊಬ್ಬ ಹೇಳಿದರೆ ಅದು ಉಪನ್ಯಾಸ. ಬಾಲ್ಯದಲ್ಲೇ ವಿಧವೆಯಾಗಿ, ದೇವರ ಹೆಸರಿನಲ್ಲಿ ಹೇರಿದ್ದನ್ನೆಲ್ಲ ಹೊತ್ತ ಅಜ್ಜಿ ಮೊಮ್ಮಗನ ಮುಂದೆ ಕೂತು ಹೇಳಿದರೆ ಅದಕ್ಕೆ ಎದುರು ಹೇಳುವುದು ಕಷ್ಟ. ಕಾಮದ ವಿಷಯವನ್ನೂ ಅಜ್ಜಿ ಮುಚ್ಚುಮರೆಯಿಲ್ಲದೆ ಆಡುತ್ತಾಳೆ. ಬಳಗದ ಹಿರಿಯರಿಬ್ಬರಿಗೆ ನಾಸ್ತಿಕತೆಗಿಂತ ಅದೇ ಹೆಚ್ಚು ಮುಜುಗರ.

ಅಂತೂ ಆಟಿ ತಿಂಗಳಿಗೆ ಮೂಕಜ್ಜಿ ಎಂದಾಯಿತು. ಸೋಣಕ್ಕೆ?

ಅಷ್ಟು ಹೊತ್ತು ಮಾತಾಡದೆ ಕೂತಿದ್ದ ಮೂಡುಬಿದಿರೆಯ ಜೈನ ಸ್ನೇಹಿತರು ಆಗ ಬಾಯಿಬಿಟ್ಟರು. "ನಮ್ಮೂರಲ್ಲಿ 18 ಬಸದಿ ಉಂಟು. ಲೋಕ ಸೃಷ್ಟಿ ಮಾಡಿದ ದೇವರು ಒಂದರಲ್ಲೂ ಇಲ್ಲ. 'ವಡ್ಡಾರಾಧನೆ' ಓದುವ." ಅದರ 19 ಕಥೆಗಳಲ್ಲಿ ಮೊದಲನೆಯದೇ ಸುಕುಮಾರಸ್ವಾಮಿಯದು. ತಪಸ್ಸಿಗೆ ನಿಂತವನನ್ನು ನರಿಯೊಂದು ಮರಿಗಳ ಸಮೇತ ಕಾಲಿನಿಂದ ತಿನ್ನುತ್ತಾ ಬರುತ್ತದೆ. ಕಾಪಾಡಲು ಯಾವ ದೇವರೂ ಇಳಿದು ಬರುವುದಿಲ್ಲ. "ಇದಕ್ಕಿಂತ ನಾಸ್ತಿಕ ಕಥೆ ಬೇಕಾ?"

"ಹಿಂದಿನ ಜನ್ಮ ಉಂಟಲ್ಲ!" ಎಂದು ಮಾಸ್ಟ್ರು ಹಾರಿಬಿದ್ದರು. ಆ ನರಿ ಹಿಂದೊಂದು ಜನ್ಮದಲ್ಲಿ ಅವನಿಂದ ಒದೆ ತಿಂದ ಅತ್ತಿಗೆ, ಒದ್ದ ಕಾಲನ್ನೇ ತಿನ್ನುತ್ತೇನೆಂದು ಪಣ ತೊಟ್ಟವಳು. ಕರ್ಮ ನಂಬಿದ ಮೇಲೆ ಎಂಥ ನಾಸ್ತಿಕತೆ ಎಂಬುದು ಅವರ ವಾದ. ಚಹಾ ಎರಡನೇ ಸಲ ಬಂದರೂ ಚರ್ಚೆ ಮುಗಿಯಲಿಲ್ಲ. ಕಡೆಗೆ ಟೀಚರಕ್ಕ ಲೋಟ ಎತ್ತಿಕೊಳ್ಳುತ್ತಾ ಎಂದರು: "ದೇವರು, ಕರ್ಮ ಎಲ್ಲ ಹೇಗೋ ಗೊತ್ತಿಲ್ಲ ಮಾಸ್ಟ್ರೆ. ಅತ್ತಿಗೆಯ ಸಿಟ್ಟು ಮಾತ್ರ ನಾನು ನಂಬ್ತೇನೆ."